ಸುನಂದಾಬಾಯಿಯ ಅರ್ಜಿಯಲ್ಲಿ ಉಳಿದದ್ದು

ಮಿರಜದ ಒಂದು ದೊಡ್ಡ ಆಸ್ಪತ್ರೆಯ ಎದುರಿಗೆ ಸುನಂದಾಬಾಯಿಯ ಅಂಗಡಿ. ತಟ್ಟೆ, ಲೋಟ, ಚಾಪೆ, ಚಾದರ, ಥರ್ಮಾಸು, ಹೀಗೆ ರೋಗಿಯ ಜೊತೆ ಬಂದವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಗಡಿಯಾಚೆ ಕರ್ನಾಟಕದ ಅಥಣಿ, ರಾಯಬಾಗ ಕಡೆಯವರು ಚಾಪೆ ಕೊಳ್ಳುವ ಮೊದಲು ದಾರಿ ಕೇಳುತ್ತಾರೆ. ಆಸ್ಪತ್ರೆಯ ಫಲಕಗಳೆಲ್ಲ ಮರಾಠಿ, ಇಂಗ್ಲಿಷಿನಲ್ಲಿವೆ. ಮದುವೆಯಾಗಿ ಬಂದಾಗಿನಿಂದ ದಾರಿ ಹೇಳುತ್ತಲೇ ಇದ್ದ ಸುನಂದಾಬಾಯಿ, ಕನ್ನಡದಲ್ಲೂ ಫಲಕ ಹಾಕಿರೆಂದು ಅರ್ಜಿ ಕೊಡಲು ಹೋದ ವರ್ಷ ನಿಶ್ಚಯಿಸಿದರು.

ಅದನ್ನು ಮರಾಠಿಯಲ್ಲಿ ಬರೆಯಲು ಕೂತವಳು ತಂಗಿಯ ಮಗಳು ರೂಪಾಲಿ. ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡ ಎಷ್ಟು ಹಳೆಯ ಭಾಷೆಯೆಂದು ಅವಳು ಮರಾಠಿಯಲ್ಲಿ ಒಂದು ಪುಟ ತುಂಬಿಸಿ ಓದಿ ಹೇಳಿದಳು.

"ಛಲೋ ಬರದೀಯವ್ವಾ," ಎಂದರು ಸುನಂದಾಬಾಯಿ. "ಆದ್ರ ನಮ್ಮ ಮರಾಠೀನೂ ಹಳೇದ ಐತಿ ಅಂತಾರ ದವಾಖಾನಿ ಸಾಹೇಬ್ರು. ಪೇಶಂಟಿಗೆ ದಾರಿ ಸಿಗೂದಕ್ಕೂ ಇದಕ್ಕೂ ಏನ್ ಸಂಬಂಧ?"

ರೂಪಾಲಿ ನಕ್ಕು ಆ ಪುಟ ತೆಗೆದಿಟ್ಟಳು. ಆಗ ಸುನಂದಾಬಾಯಿ ತಮ್ಮ ನೆಚ್ಚಿನ ಸಂಗತಿ ಹೊರತೆಗೆದರು.

"ರಾಯಬಾಗದ ಮುದುಕ ಒಬ್ಬಾಂವ ಬೋರ್ಡ್ ಓದಾಕ ಬರದs, ತಪ್ಪು ಬಾಗಲಾಗ ನಿಂತು, ಅಲ್ಲೇ ಜೀವಾ ಬಿಟ್ಟ. ಇದನ್ನ ಬರಿ."

"ನೀವ ನೋಡೀರೇನ್ರಿ, ಮಾವಶಿ?"

"ನಾ ನೋಡಿಲ್ಲ. ಆಟೋದ ಓಂಕಾರ ಹೇಳ್ಯಾನ."

ಮರುದಿನ ಸುನಂದಾಬಾಯಿ ಓಂಕಾರನನ್ನು ನಿಲ್ಲಿಸಿ ಕೇಳಿದರು.

"ನಾ ಎಲ್ಲಿ ನೋಡೇನ್ರಿ, ಕಾಕೂ? ಸ್ಟ್ಯಾಂಡಿನ್ಯಾಗ ಮಂದಿ ಮಾತಾಡೂದು ಕೇಳೇನಿ. ಯಾವ ಊರಾಂವ ಅನ್ನೂದೂ ಗೊತ್ತಿಲ್ಲ."

"ರಾಯಬಾಗ ಅಂದಿದ್ದಿಯಲ್ಲೋ!"

"ಅದನ್ನ ನೀವ ಸೇರಿಸಿರಬೇಕ್ರಿ."

ಸುನಂದಾಬಾಯಿಗೆ ನಗುವೂ ಬಂತು, ಒಳಗೊಳಗೇ ಬೇಜಾರೂ ಆಯಿತು. ಆ ಮುದುಕನ ಮಾತೆತ್ತಿದಾಗಲೆಲ್ಲ ಅವರ ಕಣ್ಣು ಒದ್ದೆಯಾಗುತ್ತಿತ್ತು. ಆದರೂ ಮನೆಗೆ ಬಂದವರೇ ರೂಪಾಲಿಗೆ, "ಆ ಮುದುಕನ ಸುದ್ದಿ ಬ್ಯಾಡ, ತಗದ್ ಬಿಡು," ಎಂದರು.

ಆ ವಾರವೇ ಅಥಣಿ ಕಡೆಯ ಸಾವಂತ್ರವ್ವ ಮಗ ರೇವಣಸಿದ್ಧನೊಂದಿಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತಳು. ರಕ್ತ ಪರೀಕ್ಷೆಗೆಂದು ಉಪವಾಸವಿದ್ದವಳು, ಫಲಕ ತಿಳಿಯದೆ ಬೆಳಗಿನಿಂದ ಔಷಧಿ ಕೊಡುವ ಸಾಲಿನಲ್ಲಿ ನಿಂತಿದ್ದಳು. ಸುನಂದಾಬಾಯಿ ಅವಳನ್ನು ಸರಿಯಾದ ಕೋಣೆಗೆ ಕರೆದೊಯ್ದು, ರಕ್ತ ಕೊಟ್ಟು ಬಂದ ಮೇಲೆ ಚಹಾ ಕುಡಿಸಿ, "ನಿಮ್ಮ ಹೆಸರ ಹಾಕಿ ಬರೀಲೇನ್ರಿ?" ಎಂದು ಕೇಳಿದರು. ಸಾವಂತ್ರವ್ವ ಒಪ್ಪಿ ಹೆಬ್ಬೆಟ್ಟು ಒತ್ತಿದಳು. ಆಸ್ಪತ್ರೆಯ ಬಾಗಿಲು ಕಾಯುವ ಅಪ್ಪಾಸಾಬನೂ, ಕರ್ನಾಟಕದವರು ತನ್ನನ್ನು ದಿನವೂ ಏನೇನು ಕೇಳುತ್ತಾರೆಂದು ಹೇಳಿ ಸಹಿ ಹಾಕಿದ. ಅರ್ಜಿ ಅರ್ಧ ಪುಟದಲ್ಲಿ ಮುಗಿಯಿತು.

ಆಸ್ಪತ್ರೆಯ ಆಡಳಿತ ನೋಡುವ ಧನಪಾಲ ಸಾಹೇಬರು ಅದನ್ನು ನಿಧಾನವಾಗಿ ಓದಿದರು.

"ಬಾಯಾರ, ಹೆಬ್ಬೆಟ್ಟು ಒತ್ತಿದ ಇವ್ರಿಗೆ ಓದಾಕs ಬರದಿದ್ರ ಕನ್ನಡ ಬೋರ್ಡ್ ಹಾಕಿ ಏನ್ ಉಪಯೋಗ?"

ಇದನ್ನು ಸುನಂದಾಬಾಯಿ ಯೋಚಿಸಿರಲಿಲ್ಲ.

"ಸಾವಂತ್ರವ್ವಗ ಓದಾಕ ಬರೂದಿಲ್ರಿ, ಅದು ಖರೆ. ಆದ್ರ ಅಕೀ ಮಗ ನನ್ನ ಅಂಗಡ್ಯಾಗ ಕುಂತು ಕನ್ನಡ ಪೇಪರ್ ಓದಿದ. ಭಾಳ ಮಂದಿ ಜೋಡಿ ಓದಾಕ ಬರೂ ಒಬ್ರು ಇರ್ತಾರ್ರಿ. ಎಲ್ಲಾರ ಜೋಡೀನೂ ಇರ್ತಾರ ಅಂತ ನಾ ಹೇಳೂದಿಲ್ಲ."

ಸಾಹೇಬರು ತಲೆಯಾಡಿಸಿದರು. "ಹಂಗಾದ್ರ ಕನ್ನಡಾನೂ ಬರಸೂಣು, ಕೆಳಗ ಬಣ್ಣದ ಬಾಣಾನೂ ಹಾಕಸೂಣು. ಮೊದಲ ರಕ್ತ ತಪಾಸಣಿ ಕಡೆ ಹಾಕಿ ನೋಡೂಣು."

ಫಲಕ ಬರೆಯಲು ಸಾಂಗಲಿಯಿಂದ ಬಂದ ಪೇಂಟರನಿಗೆ ಕನ್ನಡ ಬರುತ್ತಿರಲಿಲ್ಲ. ಸುನಂದಾಬಾಯಿ ಗೋಡೆಯ ಮೇಲೆ ಸೀಮೆಸುಣ್ಣದಿಂದ 'ರಕ್ತ ಪರೀಕ್ಷೆ' ಎಂದು ದೊಡ್ಡದಾಗಿ ಬರೆದು ತೋರಿಸಿದರು. ಪಕ್ಕದಲ್ಲಿ ನಿಂತಿದ್ದ ರೂಪಾಲಿ ಬೆರಳಿಟ್ಟು, "ಇದು 'ರ', ಹೌದಲ್ರಿ?" ಎಂದಳು. ಹೌದೆಂದು ಸುನಂದಾಬಾಯಿ ಮುಂದಿನ ಅಕ್ಷರ ತೋರಿಸಿದರು. ಅಂಗಡಿಯಿಂದ ಗಂಡ ಬಾಳಪ್ಪ, ಗಿರಾಕಿ ಬಂದಿದ್ದಾರೆಂದು ಕೂಗುತ್ತಿದ್ದರು. ಆ ಪದ ಮುಗಿಯುವವರೆಗೆ ಇಬ್ಬರೂ ಅಲ್ಲಿಂದ ಕದಲಲಿಲ್ಲ.