ಕೂಲಿಗೂ ಲಾಭ ಎಣಿಸುವ ಮಂಚಮ್ಮ

ತಿಗನಾರೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬಿಳಿಗಿರಿಯವರ ಕಣದಲ್ಲಿ ತೂರಿದ ರಾಗಿ ರಾಶಿಯಾಗಿದೆ. ಮಂಚಮ್ಮ ಸೆರಗು ಸಿಕ್ಕಿಸಿ, ಸೇರು ತುಂಬಿ, ಅಂಗೈಯಿಂದ ಅದರ ಬಾಯಿ ಸವರಿ, ಮೊದಲ ಆಳಿನ ಮಡಿಲಿಗೆ ಸುರಿಯುತ್ತಾರೆ. ‘ಲಾಬ!’ ಎಂದು ಕೂಗುತ್ತಾರೆ. ಆಮೇಲೆ ‘ಎರಡು, ಮೂರು’. ಇದು ೧೯೮೪ರ ಸುಗ್ಗಿ. ಆನೆ ತಿಂದು ಉಳಿದದ್ದು. ಹಿಂದೆಲ್ಲ ರಾಶಿಯ ಆಚೆ ನಿಂತವರ ತಲೆ ಕಾಣುತ್ತಿರಲಿಲ್ಲವಂತೆ.

ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ವಾಡಿಕೆ. ಅದು ಮನೆಯವರ ಪಾಲಿಗೆ ಮಾತ್ರ ಸಲ್ಲುತ್ತಿತ್ತು; ಕೂಲಿಯ ಎಣಿಕೆ ಒಂದರಿಂದಲೇ ಶುರು. ಎಪ್ಪತ್ತೊಂದರಲ್ಲಿ, ಗಂಡ ತೀರಿದ ವರ್ಷ, ಇಲ್ಲಿ ಆಳಾಗಿದ್ದ ಮಂಚಮ್ಮ ಸೇರು ಹಿಡಿದರು. ಹಿಡಿದವರೇ ಕೂಲಿಗೂ ಲಾಭ ಎಂದುಬಿಟ್ಟರು.

“ಕೂಲಿಗೆಂತಾ ಲಾಬ ಅಮ್ಮಿ ಅಂತ ಬಿಳಿಗಿರಿಯವ್ರಪ್ಪ ಗದರುದ್ರು. ಯಾಕ್ ಯಜಮಾನ್ರೆ, ನಮ್ಮಟ್ಟಿ ದಾರಿ ಗೊತ್ತಿಲ್ವಾ ಲಾಬಕ್ಕೆ ಅಂದೆ. ನಕ್ಬುಟ್ರು. ಅವತ್ನಿಂದ ಸೇರು ನನ್ ಕೈಲೇ ಅದೆ.”

ಕೂಲಿ ಎಂಬ ಮಾತಿನ ಬೇರು ಹುಡುಕಿದವರು ಒಂದೇ ಕಡೆ ನಿಂತಿಲ್ಲ. ಕನ್ನಡ, ತಮಿಳಿನಲ್ಲಿ ಅದು ದುಡಿಮೆಯ ಫಲ. ಗುಜರಾತಿನ ಕೋಲಿ ಜನರ ಹೆಸರಿನಿಂದ ಬಂತೆನ್ನುವವರಿದ್ದಾರೆ. ತುರ್ಕಿಯಲ್ಲಿ ‘ಕುಲ್’ ಎಂದರೆ ಗುಲಾಮ. ಚೀನಾದವರು ಇದೇ ದನಿಗೆ ‘ಕಹಿ ದುಡಿಮೆ’ ಎಂದು ಅರ್ಥ ಬರುವ ಅಕ್ಷರಗಳನ್ನು ಬರೆದುಕೊಂಡರು. ಇಂಗ್ಲಿಷರ ಹಡಗು ಹತ್ತಿದ ಮೇಲೆ ಫಲದ ಹೆಸರು ಮನುಷ್ಯನ ಹೆಸರಾಯಿತು.

ಆ ಹೆಸರು ಹೊತ್ತು ಸಿಲೋನಿನ ಟೀ ತೋಟದಲ್ಲಿ ಬಾಳಿ ಬಂದವರು ಜಡೇಸ್ವಾಮಿ. ಊರಿಗೆ ಮರಳಿದ ಮೇಲೆ ಕೊಯ್ಲಿಗೆ ಬರುತ್ತಾರೆ, ಅಳೆಯುವ ಹೊತ್ತಿಗೆ ಎದ್ದು ಹೋಗುತ್ತಾರೆ. ರಾಗಿ ಒಯ್ಯಲು ಹೆಂಡತಿ ಬರುತ್ತಿದ್ದರು. ಈ ಸಲ ಆಕೆ ಜ್ವರದಲ್ಲಿ ಮಲಗಿದ್ದಾರೆ, ಮನೆಯಲ್ಲಿ ಹಿಟ್ಟಿಲ್ಲ. ಜಡೇಸ್ವಾಮಿ ಬೇಲಿಯಾಚೆ ನಿಂತಿದ್ದಾರೆ.

“ಬಾರಪ್ಪ ಸಿಲೋನ್ ದೊರೆ,” ಮಂಚಮ್ಮ ಕರೆಯುತ್ತಾರೆ. “ರಾಗಿ ಏನ್ ಕಚ್ಚದಾ?”

“ಅಲ್ಲಿ ನಮ್ಗೆ ಎಸ್ರೇ ಇರ್ನಿಲ್ಲ ಕಣಕ್ಕ. ಕೂಲಿ ಅಂತ ಕೂಗುದ್ರೆ ಎಲ್ರೂ ತಿರುಗ್ಬೇಕು. ಇಲ್ಲೂ ಕೂಲಿ ತಕ್ಕೋ ಅಂದ್ರೆ, ಆ ಮಾತ್ ಕೇಳ್ಕಂಡು ಕೈ ಚಾಚಕ್ಕಾಗಾಕಿಲ್ಲ.”

“ಕೈ ಚಾಚ್ಬ್ಯಾಡ. ಟವಲ್ ಆಸು.”

ಕಣವೆಲ್ಲ ಗೊಳ್ಳೆನ್ನುತ್ತದೆ. ಜಡೇಸ್ವಾಮಿ ನಗುವುದಿಲ್ಲ. ಒಳಬಂದು, ಹೆಗಲ ಟವಲು ತೆಗೆದು ನೆಲಕ್ಕೆ ಹಾಸಿ ಕೂರುತ್ತಾರೆ. ಮಂಚಮ್ಮ ಸೇರಿನ ತುಂಬ ಗೋಪುರದಂತೆ ರಾಗಿ ಏರಿಸುತ್ತಾರೆ; ಈ ಸಲ ಬಾಯಿ ಸವರುವುದಿಲ್ಲ. ಬಿಳಿಗಿರಿ ಬೇರೆತ್ತಲೋ ನೋಡುತ್ತಾರೆ.

“ಜಡೇಸ್ವಾಮಿಗೆ ಲಾಬ!”

ಅವರು ಟವಲಿನ ಮೂಲೆ ಹಿಡಿದು ತಲೆ ತಗ್ಗಿಸಿ ಕೂತೇ ಇರುತ್ತಾರೆ. ಹಿಂದಿನಿಂದ ಯಾರೋ ಕೂಗುತ್ತಾರೆ, “ನಮ್ಮೆಸ್ರು ಏನ್ ಪಾಪ ಮಾಡಿತ್ತಕ್ಕೋ?”

ಮಂಚಮ್ಮ ಸೇರನ್ನು ಮತ್ತೆ ರಾಶಿಗೆ ಒತ್ತುತ್ತಾರೆ. “ಕೂಗ್ತೀನಿ ಕಣ್ಲಾ, ಇನ್ಮ್ಯಾಲೆ ಎಲ್ರುದೂ ಕೂಗ್ತೀನಿ. ಒಸಿ ಒತ್ತಾಯ್ತದೆ. ಆಗ್ಲಿ.”