ಕಿಲುಬು ಹಿಡಿದ ಕರೆಗಂಟೆ

ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ ಮೇಲೆ ಒಳಕೋಣೆಯ ಮಂಚ ಬಿಟ್ಟು ಏಳುವಂತಿರಲಿಲ್ಲ. ಹಗಲೆಲ್ಲ ಪಡಸಾಲೆಯಲ್ಲಿರುವ ನನಗೆ ಕಿವಿ ಮಂದ, ಅವಳ ಕೂಗು ಮುಟ್ಟುತ್ತಿರಲಿಲ್ಲ. ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಅವಳ ಮಂಚದ ಬಳಿ ಗುಂಡಿ, ಪಡಸಾಲೆಯಲ್ಲಿ ಗಂಟೆ ಇರುವಂಥ ಕರೆಗಂಟೆಯನ್ನು ನಾನೇ ಮಾಡುತ್ತೇನೆಂದೆ.

ಬೆಸುಗೆಯ ಸೀಸ ತರಲು ಬೈಲಹೊಂಗಲದ ರಿಪೇರಿ ಅಂಗಡಿಗೆ ಹೋದಾಗ, ಅದು ತಂತಿಗೆ ಹಿಡಿಯಲು ಬೇಕಾದ ರಾಳವನ್ನೂ ಮುಂದಿಟ್ಟರು. ಬೇಡವೆಂದೆ. ನೇಸರಗಿ ಸಂತೆಯಲ್ಲಿ ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರ ಉದುರಿಸಿ ತವರವನ್ನು ಬೆಳ್ಳಿಯಂತೆ ಹರಡಿಸುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೆ. ಅದರ ಮುಂದೆ ರಾಳ ಯಾವ ಲೆಕ್ಕ ಎಂಬ ಜಂಬ. ನವಸಾಗರವನ್ನೇ ಹಚ್ಚಿದೆ. ಬೆಸುಗೆ ಥಳಥಳಿಸಿತು. ಒರೆಸುವ ಗೋಜಿಗೂ ಹೋಗದೆ ಗುಂಡಿಯ ಡಬ್ಬಿ ಮುಚ್ಚಿದೆ.

ಮಳೆ ಹಿಡಿದ ಒಂದು ಮಧ್ಯಾಹ್ನ ಔಷಧ ಕೊಡಲು ಒಳಗೆ ಹೋದರೆ, ಅವಳು ಮಂಚದಿಂದ ಅರ್ಧ ಇಳಿದು ಗೋಡೆ ಹಿಡಿದಿದ್ದಳು. ನೀರಿಗೆಂದು ಗುಂಡಿ ಒತ್ತಿ ಒತ್ತಿ ಸಾಕಾಗಿತ್ತಂತೆ; ಗಂಟೆ ಕೂಗಿರಲೇ ಇಲ್ಲ. ಎತ್ತಿ ಮಲಗಿಸಿದವನು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಒಂದ ಗುಂಡಿ ಸರಿಯಾಗಿ ಒತ್ತಾಕ ಬರಂಗಿಲ್ಲೇನ ನಿನಗ?"

ಅವಳು ಆಮೇಲೆ ನನ್ನನ್ನು ಕರೆಯುವುದನ್ನೇ ಬಿಟ್ಟಳು. ಗಂಟಲೊಣಗಿದರೂ ನಾನಾಗಿ ಬರುವವರೆಗೆ ಕಾಯುತ್ತಿದ್ದಳು.

ಅದನ್ನು ನೋಡಲಾರದೆ ಕೊನೆಗೆ ಡಬ್ಬಿ ಬಿಚ್ಚಿದೆ. ಬೆಸುಗೆಯ ಸುತ್ತ ಹಸಿರು ಪುಡಿ. ಮುಟ್ಟಿದರೆ ತಂತಿ ಮುರಿಯಿತು. ತಂದು ಅವಳಿಗೇ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದಳು.

"ಕಿಲುಬಲ್ಲೇನ್ರಿ ಇದು? ನವಸಾಗರ ಹಚ್ಚಿ ಹಂಗ ಬಿಟ್ರೇನು? ಕಲಾಯಿ ಹಾಕಿಸಿದ ಪಾತ್ರ್ಯಾಗ ತೊಳೀದನ ಅಡಗಿ ಮಾಡಿದ್ರ ಉಣ್ಣತಿದ್ರೇನ್ರಿ ನೀವು?"

"ನೀ ಸರಿಯಾಗೇ ಒತ್ತಿದ್ದಿ. ತಪ್ಪು ನಂದ."

"ಅದು ನನಗ ಅವತ್ತ ಗೊತ್ತಿತ್ತು ಬಿಡ್ರಿ."

ಗೊತ್ತಿದ್ದೂ ಸುಮ್ಮನಿದ್ದಳು. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ರಾಳ ತಂದು, ಹೊಸ ತಂತಿ ಹಾಕಿ, ಎಲ್ಲವನ್ನೂ ಮೊದಲಿನಿಂದ ಬೆಸೆದೆ. ರಾಳ ತಂತಿಯನ್ನು ತಿನ್ನುವುದಿಲ್ಲ, ಆದರೆ ಉಳಿದ ಅಂಟು ಧೂಳು ಹಿಡಿಯುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹಲ್ಲುಜ್ಜುವ ಹಳೆಯ ಬ್ರಶ್‌ನಿಂದ ತಿಕ್ಕಿ ತೆಗೆಯಬೇಕು. ನಾನು ಶುರುಮಾಡುವಷ್ಟರಲ್ಲಿ ಅವಳು ಬ್ರಶ್ ಕಸಿದುಕೊಂಡಳು. ದಿಂಬಿಗೊರಗಿ, ಕಿಟಕಿಯ ಬೆಳಕಿಗೆ ಹಿಡಿದು, ಪೂಜೆಯ ತಂಬಿಗೆ ಬೆಳಗುವಂತೆ ಮೂಲೆ ಮೂಲೆ ತಿಕ್ಕಿದಳು. ಸಾಕೆಂದರೂ ಬಿಡಲಿಲ್ಲ. ನಾನು ಮಾಡಿದ್ದನ್ನು ಅವಳು ತೊಳೆದದ್ದು ಅದೊಂದೇ ಸಲವಲ್ಲ.

ಗುಂಡಿಯನ್ನು ಅವಳ ಕೈಗಿಟ್ಟು ಪಡಸಾಲೆಗೆ ಬಂದು ಕುಳಿತೆ. ಬಹಳ ಹೊತ್ತು ಸದ್ದಿಲ್ಲ. ಇನ್ನು ಕರೆಯಲಾರಳೇನೋ ಎಂದುಕೊಳ್ಳುವಾಗ ಗಂಟೆ ಕೂಗಿತು. ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

"ನೀರು ತರ್ರಿ," ಎಂದಳು. "ತಂಬಿಗಿ ತುಂಬ ತರ್ರಿ."