ಬುಟ್ಟಿಯೊಳಗಿನ ದನಿ

ಬೆಳಕು ಹರಿಯುವ ಮುಂಚೆ ಸುಗರಾಬಿ ಜೋಳ ಬೀಸಬೇಕು, ಬಾವಿಯಿಂದ ನೀರು ತರಬೇಕು, ಒಲೆ ಹಚ್ಚಬೇಕು, ಗಂಡ ಬುಡ್ಡೇಸಾಬನಿಗೆ ಬುತ್ತಿ ಕಟ್ಟಬೇಕು. ಆಮೇಲೆ ಹಕ್ಕಿಗಳ ಚಾಕರಿ. ಪಂಜರ ಕೆರೆದು, ಕುಡಿಕೆ ತೊಳೆದು, ಸಾವೆ ಕೇರಿ ಹಾಕಬೇಕು. ಟಿಕೋಟದಿಂದ ಬಬಲೇಶ್ವರದ ತನಕ ಜನ ಅವನ್ನು ಬುಡ್ಡೇಸಾಬನ ಹಕ್ಕಿ ಎನ್ನುತ್ತಿದ್ದರು. ಬುಡ್ಡೇಸಾಬ ಹಿಡಿಯುತ್ತಿದ್ದ, ಮಾರುತ್ತಿದ್ದ. ಮಾರುವ ತನಕ ಅವನ್ನು ಬದುಕಿಸಿಕೊಳ್ಳುವವಳು ಸುಗರಾಬಿ.

ಅವನು ಹಿಡಿಯುತ್ತಿದ್ದ ಲಾಲ್ ಮುನಿಯಾ ಹಿಡಿ ತುಂಬದಷ್ಟು ಪುಟ್ಟ ಹಕ್ಕಿ. ಮಳೆಗಾಲಕ್ಕೆ ಗಂಡಿನ ಮೈ ಕೆಂಡದಂತಾಗಿ, ಮೇಲೆಲ್ಲ ಬಿಳಿ ಚುಕ್ಕಿ ಮೂಡುತ್ತದೆ. ಹೆಣ್ಣು ಮಣ್ಣಿನ ಬಣ್ಣದ್ದು, ಅದನ್ನು ಯಾರೂ ಕೊಳ್ಳರು. ಬಲೆಗೆ ಬಿದ್ದ ಹೆಣ್ಣುಗಳನ್ನು ಬುಡ್ಡೇಸಾಬ ಬುಟ್ಟಿಯಲ್ಲಿ ಮುಚ್ಚಿಟ್ಟು, ವಿಜಾಪುರದಲ್ಲಿ ಗಿಡುಗ ಸಾಕಿದವರಿಗೆ ಮೇವಿಗೆ ಕೊಟ್ಟುಬಿಡುತ್ತಿದ್ದ.

ನಲವತ್ತಮೂರನೇ ಇಸವಿಯ ಮಳೆಗಾಲದಲ್ಲಿ ಅವನ ಕರೆಹಕ್ಕಿ ಸತ್ತಿತು. ಹುಲ್ಲಿನಲ್ಲಿ ಬಲೆ ಹಾಸಿ ಪಕ್ಕದಲ್ಲಿ ಹಾಡುವ ಹಕ್ಕಿಯನ್ನಿಟ್ಟರೆ, ಆ ದನಿಗೆ ಹಿಂಡೇ ಇಳಿಯುತ್ತದೆ. ಹೊಸ ಗಂಡುಗಳು ಹೆದರಿ ಬಾಯಿ ಬಿಡಲಿಲ್ಲ. ಹೆಣ್ಣನ್ನು ಇಟ್ಟು ನೋಡಬಾರದೇ ಎಂದು ಸುಗರಾಬಿ ಕೇಳಿದಳು.

"ಹಾಡಾವ ಗಂಡಽ ಬೇ," ಎಂದು ಬುಡ್ಡೇಸಾಬ ನಕ್ಕ. "ಹೆಣ್ಣಿಗೆ ನಿನ್ನಷ್ಟ ಬಾಯಿ ಇದ್ದಿದ್ದರ ನನಗ ಬಲೀನ ಬೇಕಾಗ್ತಿದ್ದಿಲ್ಲ."

ಮರುದಿನ ನಸುಕಿನಲ್ಲೇ ಅವನು ಕರೆಹಕ್ಕಿ ಕೇಳಿಕೊಂಡು ಬರಲು ಬಿಜ್ಜರಗಿಗೆ ಹೋದ. ಬಂದವನೇ ಬುಟ್ಟಿ ಹೊತ್ತು ವಿಜಾಪುರಕ್ಕೆ ಹೊರಡುವವನಿದ್ದ.

ಸುಗರಾಬಿ ಹಿಟ್ಟು ನಾದುತ್ತಿದ್ದಾಗ ಹಾಡು ಕೇಳಿತು. ನೂಲಿನಷ್ಟು ಸಣ್ಣ ದನಿ, ಮೇಲಿಂದ ಮೆಲ್ಲಗೆ ಜಾರುತ್ತಾ ಬಂತು. ಯಾವುದೋ ಗಂಡಿಗೆ ಧೈರ್ಯ ಬಂತೆಂದು ಪಂಜರ ನೋಡಿದಳು. ಅಲ್ಲಿ ಎಲ್ಲವೂ ಮೈ ಉಬ್ಬಿಸಿಕೊಂಡು ಸುಮ್ಮನಿದ್ದವು. ಹಾಡು ಬುಟ್ಟಿಯಿಂದ ಬರುತ್ತಿತ್ತು.

ಮುಚ್ಚಳವನ್ನು ಬೆರಳಷ್ಟು ಎತ್ತಿದಳು. ಮಣ್ಣುಬಣ್ಣದ ಹೆಣ್ಣೊಂದು ಕೊರಳು ಚಾಚಿ ಹಾಡುತ್ತಿತ್ತು. ಕಾಳಿನಷ್ಟು ಗಂಟಲು ಇಡೀ ಮನೆಯನ್ನು ತುಂಬಿತ್ತು. ಹನ್ನೆರಡು ವರ್ಷ ಇವುಗಳ ಹೇಲು ಬಳಿದವಳಿಗೂ ಇದು ಗೊತ್ತಿರಲಿಲ್ಲ. ಬೀಸುವ ಕಲ್ಲಿನ ಸಪ್ಪಳದಲ್ಲಿ ಎಷ್ಟು ಹಾಡು ಮುಳುಗಿದ್ದವೋ. ಕೈಗಂಟಿದ ಹಿಟ್ಟು ಒಣಗುವ ತನಕ ಅವಳು ಮಿಸುಕಲಿಲ್ಲ.

ಗಂಡನಿಗೆ ಹೇಳಿದರೆ ಇದೊಂದು ಗಿಡುಗನ ಬಾಯಿಂದ ಉಳಿದೀತು. ಆದರೆ ಇದರ ದನಿಗೆ ಬಯಲಿನ ಹಿಂಡೆಲ್ಲ ಬಲೆಗೆ ಬಿದ್ದೀತು. ಹೇಳದಿದ್ದರೆ ಇಂದೇ ಇದರ ಕಥೆ ಮುಗಿಯುತ್ತದೆ.

ಸುಗರಾಬಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಹಿತ್ತಿಲಾಚೆಯ ಹುಲ್ಲುಗಾವಲಿಗೆ ನಡೆದಳು. ಮುಚ್ಚಳ ತೆಗೆದಳು, ಹೆಣ್ಣುಗಳೆಲ್ಲ ಹಾರಿಹೋದವು. ಗಂಡನಿಗೆ, ಬೆಕ್ಕು ಬುಟ್ಟಿ ಕೆಡವಿತು ಎನ್ನಬಹುದಿತ್ತು. ನೆರೆಯ ಬಾನುಬಿಯ ಬೆಕ್ಕು ಕಳ್ಳನೆಂದು ಊರಿಗೇ ಗೊತ್ತು. ಆದರೆ ಅವಳು ಖಾಲಿ ಬುಟ್ಟಿಯನ್ನು ತಂದು, ಅವನು ಬಂದ ಕೂಡಲೇ ಕಾಣುವಂತೆ ಹೊಸ್ತಿಲ ಮುಂದೆ ಬೋರಲು ಹಾಕಿದಳು. ಕೇಳಿದರೆ, ನಾನೇ ಬಿಟ್ಟೆ ಎನ್ನುವುದು ಎಂದುಕೊಂಡಳು.